ಚೀಟಿ ಹರಿಯದ ಜರ್ಮನಿ

ಔರಾದ ತಾಲೂಕು, ಹೊರಡುವ ಮೊದಲು

ಜರ್ಮನಿಯನ್ನು ನಾನು ಹತ್ತೊಂಬತ್ತು ಸಲ ಒಂದು ಮಾಡಿದ್ದೇನೆ. ವರ್ಷಕ್ಕೊಮ್ಮೆ, ಒಂಬತ್ತನೆಯ ತರಗತಿಯಲ್ಲಿ, ನಲವತ್ತು ನಿಮಿಷದಲ್ಲಿ.

ಪಾಠ ಮಾಡುವ ರೀತಿ ನನ್ನದೇ. ಹಳೆಯ ಜರ್ಮನಿಯ ಮೂವತ್ತೊಂಬತ್ತು ರಾಜ್ಯಗಳ ಹೆಸರನ್ನು ಚೀಟಿಗಳ ಮೇಲೆ ಬರೆದು ಮಕ್ಕಳಿಗೆ ಹಂಚುತ್ತೇನೆ. ಎಲ್ಲರಿಗಿಂತ ಎತ್ತರದವರಿಗೆ ಪ್ರಷ್ಯದ ಚೀಟಿ. ಪ್ರಷ್ಯ ಒಂದೊಂದೇ ಬೆಂಚಿನ ಮುಂದೆ ಹೋಗಿ ನಿಲ್ಲುತ್ತದೆ. ಆ ಬೆಂಚಿನವರು ತಮ್ಮ ಚೀಟಿ ಹರಿದು ಬುಟ್ಟಿಗೆ ಹಾಕಿ ಪ್ರಷ್ಯದ ಬೆನ್ನಿಗೆ ಸಾಲಾಗಿ ನಿಲ್ಲಬೇಕು. ಆಸ್ಟ್ರಿಯದ ಚೀಟಿ ಸಿಕ್ಕವನನ್ನು ಬಾಗಿಲಾಚೆ ಕಳಿಸುತ್ತೇವೆ, ಅವನಿಗೆ ಅದೇ ಖುಷಿ. ಕೊನೆಗೆ ಬುಟ್ಟಿ ತುಂಬುತ್ತದೆ, ಸಾಲು ಒಂದೇ ಉಳಿಯುತ್ತದೆ, ಚಪ್ಪಾಳೆ ಬೀಳುತ್ತದೆ. ಈ ಪಾಠವನ್ನು ಸಹೋದ್ಯೋಗಿಯೊಬ್ಬರು ಮೊಬೈಲಿನಲ್ಲಿ ಹಿಡಿದು ಹತ್ತು ಜನರಿಗೆ ಕಳಿಸಿದ್ದರು. ಅದು ಎಲ್ಲೆಲ್ಲೋ ಸುತ್ತಿ, ಶಿಕ್ಷಕರ ವಿನಿಮಯ ಕಾರ್ಯಕ್ರಮವೊಂದಕ್ಕೆ ನನ್ನ ಆಯ್ಕೆಯಾಯಿತು. ಹನ್ನೆರಡು ದಿನ ಜರ್ಮನಿ. ಅಲ್ಲಿಯ ಒಂದು ಶಾಲೆಯಲ್ಲಿ ಇದೇ ಪಾಠ ಮಾಡಿ ತೋರಿಸಬೇಕು.

ನಮ್ಮಪ್ಪ ಕುರಿ ಕಾಯುವವನು. ಸುದ್ದಿ ಕೇಳಿ, “ಅಲ್ಲೋ ಮಾಳ್ಯಾ, ಅಷ್ಟ ದೂರ ಹೋಗಿ ಅವರ ಕತಿ ಅವರಿಗೇ ಹೇಳ್ತಿಯೇನು? ನಮ್ಮ ಕುರಿ ಹ್ಯಾಂಗ ಎಣಸಬೇಕಂತ ಪ್ಯಾಟಿಯಾಂವ ಬಂದು ಹೇಳಿದಂಗಾತದು” ಅಂದ. ನಾನು ನಕ್ಕೆ. ನಮ್ಮ ಮನೆತನದಲ್ಲಿ ಏಳನೆಯದು ಪಾಸಾದವರಲ್ಲಿ ನಾನೇ ಮೊದಲಿಗ. ಭಾಲ್ಕಿಯ ಹಾಸ್ಟೆಲಿನಲ್ಲಿ ಸಾಲಿನಲ್ಲಿ ತಾಟು ಹಿಡಿದು ನಿಂತು ಪದವಿ ಮುಗಿಸಿದವನು. ವಿಮಾನ ಹತ್ತುವುದರಲ್ಲೂ ಮೊದಲಿಗನಾಗುತ್ತಿದ್ದೆ. ಅಪ್ಪನ ಮಾತು ತಲೆಗೆ ಹೋಗಲಿಲ್ಲ.

ತಲೆಗೆ ಹೋದದ್ದು ಕಾಂಬಳೆ ಬಾಯಿಯವರ ಮಾತು. ನಮ್ಮ ಶಾಲೆ ಇರುವುದು ಮಹಾರಾಷ್ಟ್ರದ ಗಡಿಗೆ ಹತ್ತಿದ ಊರಿನಲ್ಲಿ. ಒಂದೇ ಆವಾರದಲ್ಲಿ ಎರಡು ಶಾಲೆ, ಕನ್ನಡದ್ದು ನಮ್ಮದು, ಮರಾಠಿಯದು ಅವರದು. ಮರಾಠಿ ಶಾಲೆಯಲ್ಲಿ ಇಪ್ಪತ್ತಮೂರು ಮಕ್ಕಳು, ಇವರೊಬ್ಬರೇ ಶಿಕ್ಷಕಿ. ಊರಲ್ಲಿ ಎಲ್ಲರೂ ಅವರನ್ನು ‘ಬಾಯಿ’ ಎಂದೇ ಕರೆಯುವುದು. ಈ ವರ್ಷ ಎರಡೂ ಶಾಲೆಗಳನ್ನು ಒಂದೇ ಆಡಳಿತಕ್ಕೆ ತರಬೇಕೆಂದು ತೀರ್ಮಾನವಾಗಿತ್ತು. ಹೇಗೆ ಕೂಡಿಸಬೇಕು ಎಂಬುದು ಪ್ರಭಾರಿ ಮುಖ್ಯಗುರುವಾದ ನನಗೆ ಬಿಟ್ಟ ವಿಷಯ. ನಾನು ಎಲ್ಲ ಬರೆದಿಟ್ಟಿದ್ದೆ: ಒಂದು ಹೆಸರು, ಒಂದು ಗಂಟೆ, ಎರಡೂ ಕಟ್ಟಡಕ್ಕೆ ಒಂದೇ ಬಣ್ಣ.

ಮರಾಠಿ ಶಾಲೆಯ ಮುಂದಿನ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಮೂವತ್ತೊಂದು ಹೆಸರುಗಳಿದ್ದವು. ಅವರ ಓಣಿಯ ಪ್ರತಿ ಮನೆಯಿಂದ ಮೊಟ್ಟಮೊದಲು ಏಳನೆಯದು ಪಾಸಾದವರ ಹೆಸರು. ಹತ್ತೊಂಬತ್ತನೆಯದು ಬಾಯಿಯವರದೇ. ಜನವರಿ ಇಪ್ಪತ್ತಾರರಂದು ನನ್ನ ಆಯ್ಕೆಯ ಸಂತೋಷಕ್ಕೆ ಅದೇ ಗೋಡೆಯ ಮುಂದೆ ನಿಲ್ಲಿಸಿ, ಪೇಟಾ ಸುತ್ತಿ, ಫೋಟೋ ತೆಗೆಸಿದವರೂ ಅವರೇ.

“ಸರ್, ಸಾಲಿ ಒಂದಾಗ್ಲಿರಿ, ನಂದೇನ್ ತಕರಾರಿಲ್ಲ,” ಅಂದರು ಬಾಯಿ. “ಆ ಗ್ವಾಡಿ ಒಂದ ಬಿಡ್ರಿ.”

“ಒಂದು ಅಂದಮ್ಯಾಲ ಒಂದೇ ಇರ್ಬೇಕ್ರಿ ಬಾಯಿ. ಜರ್ಮನಿ ನೋಡ್ರಿ, ಮೂವತ್ತೊಂಬತ್ತು ಇದ್ವು.”

“ಜರ್ಮನಿದವರು ಗ್ವಾಡಿ ಒಡದಾರಂತ ನಾನೂ ಕೇಳೇನಿ. ಹೆಸರ ಅಳಿಸ್ಯಾರೇನ್ರಿ? ಹೆಂಗೂ ಹೊಂಟೀರಿ, ನೋಡ್ಕೊಂಡ ಬರ್ರಿ.”

ನೋಡಿಕೊಂಡು ಬರುತ್ತೇನೆ ಎಂದೆ. ಉತ್ತರ ಗೊತ್ತಿರುವವನ ಧೈರ್ಯ. ಬಣ್ಣದವನಿಗೆ, ನಾನು ಬರುವಷ್ಟರಲ್ಲಿ ಕೆಲಸ ಮುಗಿದಿರಬೇಕು ಎಂದು ಹೇಳಿ ಬೀದರಿಗೆ ಬಸ್ಸು ಹತ್ತಿದೆ.

ಫ್ರಾಂಕ್‌ಫರ್ಟ್

ಬೀದರಿನ ಮೈಲೂರು ಬಡಾವಣೆಯ ನಮ್ಮ ಮನೆಯಲ್ಲಿ ಹೆಂಡತಿ ಎರಡು ದಿನ ಕೂತು ಖಡಕ್ ರೊಟ್ಟಿ ಬಡಿದು ಕಟ್ಟಿದ್ದಳು, ಜೊತೆಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿ ಚೀಲ ತೆಗೆಸಿದ. ರೊಟ್ಟಿಯ ಮೇಲೆ ಬೆರಳಿನಿಂದ ಬಡಿದ. ಟಕಟಕ ಸದ್ದು ಬಂತು. ಇದು ಯಾವುದರಿಂದ ಮಾಡಿದ ತಟ್ಟೆ ಎಂದು ಕೇಳಿದ. ತಿನ್ನುವ ವಸ್ತು ಎಂದರೆ ನಂಬಲಿಲ್ಲ. ಅವನ ಮುಂದೆಯೇ ಒಂದು ತುಂಡು ಮುರಿದು, ಹಿಂಡಿ ಹಚ್ಚಿಕೊಂಡು, ಕರುಂ ಕರುಂ ಎಂದು ತಿಂದು ತೋರಿಸಿದೆ. ಹಿಂದೆ ನಿಂತ ಜನ ನೋಡುತ್ತಿದ್ದರು. ಅಧಿಕಾರಿ ಬೇಗ ಹೋಗು ಎಂಬಂತೆ ಕೈ ಆಡಿಸಿದ.

ನಮ್ಮಜ್ಜನ ಕತೆ ನೆನಪಾಯಿತು. ನಿಜಾಮನ ಕಾಲದಲ್ಲಿ ಅವನು ಕಂಬಳಿ ಹೊತ್ತುಕೊಂಡು ಸೊಲ್ಲಾಪುರದ ಕಡೆ ಹೋಗುತ್ತಿದ್ದ. ಗಡಿಯಲ್ಲಿ ಕರೋಡಗಿರಿ ನಾಕಾ, ಅಂದರೆ ಸುಂಕದ ಕಟ್ಟೆ. ಅಲ್ಲಿ ಕಂಬಳಿ ಬಿಚ್ಚಿಸಿ ಕೊಡವಿಸಿ ನೋಡುತ್ತಿದ್ದರಂತೆ. ಜರ್ಮನರಿಗೂ ಅದೇ ಪಾಡಿತ್ತು. ಉತ್ತರದಿಂದ ದಕ್ಷಿಣಕ್ಕೆ ಒಂದು ಬಂಡಿ ಹೋಗಬೇಕೆಂದರೆ ರಾಜ್ಯಕ್ಕೊಂದು ನಾಕಾ. 1834ರಲ್ಲಿ ಹಲವು ರಾಜ್ಯಗಳು ಕೂಡಿ ಒಳಗಿನ ನಾಕಾಗಳನ್ನು ತೆಗೆದುಹಾಕಿದವು. ದೇಶ ಒಂದಾಗುವುದಕ್ಕೆ ಮೂವತ್ತೇಳು ವರ್ಷ ಮೊದಲೇ ಪೇಟೆ ಒಂದಾಯಿತು. ಇದನ್ನೆಲ್ಲ ನಾನು ಪಾಠದಲ್ಲಿ ಹೇಳುತ್ತೇನೆ. ರೈಲಿನಲ್ಲಿ ಕೂತು, ನನಗೆ ಗೊತ್ತಿಲ್ಲದ್ದು ಇಲ್ಲಿ ಏನಿದೆ ಎಂದುಕೊಂಡೆ. ಆ ಜಂಬ ಸಂಜೆಯ ಊಟದವರೆಗೆ ಇತ್ತು.

ಊಟದ ಮೇಜು

ನನ್ನನ್ನು ಉಳಿಸಿಕೊಂಡವರು ಉಟಾ ಎಂಬ ಇತಿಹಾಸ ಶಿಕ್ಷಕಿ. ಬವೇರಿಯ ರಾಜ್ಯದ ಉತ್ತರ ತುದಿಯ ಸಣ್ಣ ಊರು, ಔರಾದಕ್ಕಿಂತ ಸಣ್ಣದು. ಮನೆಯಲ್ಲಿ ಅವರ ತಂದೆಯೂ ಇದ್ದರು, ಎಂಬತ್ತು ದಾಟಿದ ನೆಟ್ಟಗಿನ ಮನುಷ್ಯ. ನಾನೂ ಉಟಾನೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ತಂದೆಗೆ ಇಂಗ್ಲಿಷ್ ಬಾರದು, ಉಟಾ ಹೇಳಿ ತಿಳಿಸಬೇಕು.

ಉಂಡ ಮನೆಗೆ ಒಳ್ಳೆಯ ಮಾತು ಹೇಳುವುದು ನಮ್ಮ ಪದ್ಧತಿ. ನಾನು ಗಂಟಲು ಸರಿಮಾಡಿಕೊಂಡು, ನಿಮ್ಮ ಪ್ರಷ್ಯವನ್ನು ನಾವು ಬೀದರ ಜಿಲ್ಲೆಯಲ್ಲಿ ಬಹಳ ಗೌರವದಿಂದ ಓದುತ್ತೇವೆ, ನಿಮ್ಮೆಲ್ಲರನ್ನೂ ಒಂದು ಮಾಡಿದ ಆ ಉಕ್ಕಿನ ಪ್ರಧಾನಿಯ ಹೆಸರು ನಮ್ಮ ಕುರಿ ಕಾಯುವವರ ಮಕ್ಕಳ ಬಾಯಲ್ಲೂ ಇದೆ ಎಂದೆ.

ಉಟಾ ಅನುವಾದ ಮಾಡಿದರು. ಮುದುಕರು ಚಮಚ ಕೆಳಗಿಟ್ಟರು. ನಿಧಾನವಾಗಿ ಒಂದು ಮಾತು ಹೇಳಿ ಮತ್ತೆ ಸೂಪು ಕುಡಿಯತೊಡಗಿದರು.

“ನಾವು ಪ್ರಷ್ಯದವರಲ್ಲ, ಅವರು ನಮ್ಮ ಹುಡುಗರನ್ನು ಕೊಂದವರು ಅನ್ನುತ್ತಿದ್ದಾರೆ,” ಎಂದರು ಉಟಾ. “ನಾಳೆ ನಿಮ್ಮನ್ನು ಕರೆದುಕೊಂಡು ಹೋಗಿ ತೋರಿಸುತ್ತಾರಂತೆ.”

ಔರಾದದಲ್ಲಿ ಯಾರದೋ ಮನೆಯಲ್ಲಿ ಉಂಡು, ಅವರ ಮನೆಯವರನ್ನು ಕೊಂದವನನ್ನೇ ಹೊಗಳಿದ ಹಾಗಾಗಿತ್ತು.

ಸ್ಮಶಾನ

ಮರುದಿನ ಮುದುಕರು ಕೋಲು ಹಿಡಿದು ಮುಂದೆ, ನಾನೂ ಉಟಾನೂ ಹಿಂದೆ. ಇಂಥ ಅಚ್ಚುಕಟ್ಟಾದ ಸ್ಮಶಾನವನ್ನು ನಾನು ನೋಡಿರಲಿಲ್ಲ. ಗೋರಿಗೊಂದು ಹೂವಿನ ಮಡಿ, ನೀರು ಹಾಕಲು ಹಸಿರು ಜಾರಿಗಳು. ಮೂಲೆಯಲ್ಲಿ ಒಂದು ದೊಡ್ಡ ಕಲ್ಲು. ಅದರ ಮೇಲೆ 1866 ಎಂದಿತ್ತು.

ಮೂರು ಯುದ್ಧಗಳು ಎಂದು ನಾನು ಕರಿಹಲಗೆಯ ಮೇಲೆ ಬರೆಯುತ್ತೇನೆ. ಡೆನ್ಮಾರ್ಕ್ ವಿರುದ್ಧ, ಆಸ್ಟ್ರಿಯ ವಿರುದ್ಧ, ಫ್ರಾನ್ಸ್ ವಿರುದ್ಧ. ಪಠ್ಯದಲ್ಲಿ ಹಾಗೇ ಇದೆ. ಎರಡನೆಯ ಯುದ್ಧದಲ್ಲಿ ಆಸ್ಟ್ರಿಯದ ಪಕ್ಕ ನಿಂತವರು ಯಾರು ಎಂದು ಹತ್ತೊಂಬತ್ತು ವರ್ಷದಲ್ಲಿ ನಾನೂ ಕೇಳಿಕೊಂಡಿರಲಿಲ್ಲ, ಯಾವ ಮಗುವೂ ಕೇಳಿರಲಿಲ್ಲ. ಬವೇರಿಯ ನಿಂತಿತ್ತು. ಹನೋವರ್, ಸ್ಯಾಕ್ಸನಿ ನಿಂತಿದ್ದವು. ಜರ್ಮನರು ಜರ್ಮನರನ್ನು ಈ ಊರಿನ ಹೊಲಗಳಲ್ಲಿ ಕೊಂದಿದ್ದರು. ಆ ಕಲ್ಲಿನ ಕೆಳಗೆ ಈ ಕಡೆಯವರು, ಆ ಕಡೆಯವರು, ಒಟ್ಟಿಗೆ. ನಾಲ್ಕೇ ವರ್ಷಕ್ಕೆ, ಉಳಿದ ಬವೇರಿಯದ ಹುಡುಗರು ತಮ್ಮ ಅಣ್ಣಂದಿರನ್ನು ಕೊಂದ ಅದೇ ಪ್ರಷ್ಯದ ಸೈನ್ಯದ ಪಕ್ಕದಲ್ಲಿ ಫ್ರಾನ್ಸಿಗೆ ಹೊರಟರು.

ಅದಕ್ಕಿಂತ ದೊಡ್ಡ ಆಘಾತವನ್ನು ಉಟಾ ಹೂವಿಗೆ ನೀರು ಹಾಕುತ್ತಾ ಸಹಜವಾಗಿ ಹೇಳಿದರು. ಜರ್ಮನಿ ಒಂದಾಯಿತೆಂದು ಸಾರಿದ್ದು ಫ್ರಾನ್ಸಿನ ಅರಮನೆಯಲ್ಲಿ, ರಾಜರು ಮತ್ತು ಸೇನಾಧಿಕಾರಿಗಳ ನಡುವೆ. ಅದು ನನಗೆ ಗೊತ್ತಿತ್ತು. ಆದರೆ ಅಂದು ಬವೇರಿಯದ ಶಾಸನಸಭೆಯಲ್ಲಿ ಸೇರಬೇಕೋ ಬೇಡವೋ ಎಂಬ ವಾದ ಇನ್ನೂ ಮುಗಿದೇ ಇರಲಿಲ್ಲವಂತೆ. ಒಪ್ಪಿಗೆ ಬಂದದ್ದು ಮೂರು ದಿನ ಬಿಟ್ಟು.

“ತಾಳಿ ಕಟ್ಟಿದ ಮೇಲೆ ಹುಡುಗಿಯನ್ನು ಕೇಳಿದ ಹಾಗಾಯಿತಲ್ಲ,” ಎಂದೆ.

ಉಟಾ ಅದನ್ನು ತಂದೆಗೆ ಹೇಳಿದರು. ಮುದುಕರು ಮೊದಲ ಸಲ ನಕ್ಕರು. ಹುಡುಗಿ ಸುಮ್ಮನೆ ಬರಲಿಲ್ಲ ಎಂದರಂತೆ. ತನ್ನ ಅಂಚೆ, ತನ್ನ ರೈಲು, ಶಾಂತಿಕಾಲದಲ್ಲಿ ತನ್ನ ಸೈನ್ಯ, ತನ್ನ ಬೀರಿನ ತೆರಿಗೆ ಎಲ್ಲ ಕೈಯಲ್ಲಿಟ್ಟುಕೊಂಡೇ ಬಂದಳು. ನಾನು ಬುಟ್ಟಿಗೆ ಹಾಕಿಸುತ್ತಿದ್ದ ಚೀಟಿಗಳಲ್ಲಿ ಬವೇರಿಯದ್ದು ಎರಡನೆಯದು. ದೊಡ್ಡದು ಮೊದಲು ಹರಿದರೆ ಸಣ್ಣವು ಬೇಗ ಹರಿಯುತ್ತವೆ ಎಂದು ಹಾಗೆ ಇಟ್ಟಿದ್ದೆ.

ಕಾಡು

ಮೂರನೆಯ ದಿನ ಊರ ಪಕ್ಕದ ಕಾಡಿಗೆ ಹೋದೆವು. ದಾರಿಯಲ್ಲಿ ಒಂದು ಹಳ್ಳಿಯ ಮಕ್ಕಳು ಹಾಡುಹಗಲೇ ಕೆರೆಯಲ್ಲಿ ಈಜುತ್ತಿದ್ದರು. ಶಾಲೆ ಇಲ್ಲವೇ ಎಂದೆ. ಅದು ಥುರಿಂಗಿಯ ರಾಜ್ಯ, ಅವರಿಗೆ ಬೇಸಿಗೆ ರಜೆ, ನಮಗೆ ಇನ್ನೂ ಮೂರು ವಾರ ಶಾಲೆ ಎಂದರು ಉಟಾ. ಪಠ್ಯಕ್ರಮ ಬೇರೆ, ಪರೀಕ್ಷೆ ಬೇರೆ, ಪೊಲೀಸರೂ ಬೇರೆ. ದೇಶಕ್ಕೆಲ್ಲ ಒಂದೇ ಪಠ್ಯ ಇಲ್ಲವೇ ಎಂದು ಎರಡು ಸಲ ಕೇಳಿದೆ. ಎರಡು ಸಲವೂ ಇಲ್ಲ ಎಂದರು. ಒಂದಾದ ದೇಶ ನೋಡಲು ಬಂದವನು ನಾನು. ನಡೆದಷ್ಟೂ ಅದು ನನ್ನ ಕಾಲ ಕೆಳಗೆ ತುಂಡುತುಂಡಾಗುತ್ತಿತ್ತು.

ಕಾಡಿನೊಳಗೆ ಮೊಣಕಾಲೆತ್ತರದ ಹಳೆಯ ಗಡಿಕಲ್ಲುಗಳು ಸಾಲಾಗಿದ್ದವು, ಪಾಚಿ ಹತ್ತಿದವು. ಒಂದು ಮಗ್ಗುಲಿಗೆ ಬವೇರಿಯ ರಾಜನ ಅಕ್ಷರ, ಇನ್ನೊಂದು ಮಗ್ಗುಲಿಗೆ ಪಕ್ಕದ ಮೈನಿಂಗೆನ್ ಎಂಬ ಪುಟ್ಟ ಸಂಸ್ಥಾನದ ಅಕ್ಷರ. ಎರಡನೆಯ ಮಹಾಯುದ್ಧದ ನಂತರ ಜರ್ಮನಿ ಪೂರ್ವ, ಪಶ್ಚಿಮ ಎಂದು ಒಡೆದಾಗ ಮುಳ್ಳುತಂತಿ ಹಾಕಿದ್ದು ಇದೇ ಕಲ್ಲುಗಳ ಸಾಲಿಗೆ. ಯಾವ ಗೆರೆ ಅಳಿಸಿತೆಂದು ನಾನು ಚಪ್ಪಾಳೆ ಹೊಡೆಸುತ್ತಿದ್ದೆನೋ, ಅದೇ ಗೆರೆಯ ಮೇಲೆ ನಲವತ್ತು ವರ್ಷ ಬಂದೂಕು ಹಿಡಿದು ಕಾದಿದ್ದರು. ಮುದುಕರ ಹೆಂಡತಿಯ ತಂಗಿ ಆ ಕಡೆ ಉಳಿದಳು. ಎಂಟು ಕಿಲೋಮೀಟರ್ ದೂರ. ಮದುವೆಗೂ ಬರಲಾಗಲಿಲ್ಲ, ಮಣ್ಣಿಗೂ ಬರಲಾಗಲಿಲ್ಲ.

ನಮ್ಮಜ್ಜ ನಿಜಾಮನ ರಾಜ್ಯದಲ್ಲಿ ಹುಟ್ಟಿ, ಹೈದರಾಬಾದ್ ರಾಜ್ಯದಲ್ಲಿ ಮದುವೆಯಾಗಿ, ಮೈಸೂರು ರಾಜ್ಯದಲ್ಲಿ ಮಕ್ಕಳನ್ನು ಬೆಳೆಸಿ, ಕರ್ನಾಟಕದಲ್ಲಿ ತೀರಿಕೊಂಡ. ಇದ್ದ ಮನೆ ಮಾತ್ರ ಒಂದೇ. ಅವನ ಅಕ್ಕನ ಊರು ಮಹಾರಾಷ್ಟ್ರಕ್ಕೆ ಹೋಯಿತು. ಆದರೂ ಹಬ್ಬಕ್ಕೆ ಬಂಡಿ ಕಟ್ಟಿಕೊಂಡು ಹೋಗಿ ಬರುವುದು ತಪ್ಪಲಿಲ್ಲ. ನಮ್ಮದು ಎಷ್ಟು ಸಣ್ಣ ಕಷ್ಟ ಎಂದು ಮೊದಲ ಸಲ ಅನ್ನಿಸಿತು.

ಇಷ್ಟಾದ ಮೇಲೂ ಈ ಕಲ್ಲುಗಳನ್ನು ಕಿತ್ತೆಸೆಯಲಿಲ್ಲವೇ ಎಂದು ಕೇಳಿದೆ. ತಂತಿ ಕಿತ್ತೆವು, ಕಲ್ಲು ಯಾಕೆ ಕೀಳಬೇಕು ಎಂದರು ಉಟಾ. ಕಲ್ಲು ಅಲುಗಿಸಿದರೆ ದಂಡ ಉಂಟಂತೆ. ಹೆಸರಿಲ್ಲದೆ ಹೋದದ್ದು ಯಾವುದು ಗೊತ್ತೇ ಎಂದು ಅವರೇ ಕೇಳಿದರು. ಹಲವರನ್ನು ನುಂಗಿದ ಪ್ರಷ್ಯ. ಯುದ್ಧದಲ್ಲಿ ಗೆದ್ದ ದೇಶಗಳು ಅದನ್ನು ರದ್ದು ಮಾಡಿದವು. ಇಂದು ಬವೇರಿಯ ಇದೆ, ಸ್ಯಾಕ್ಸನಿ ಇದೆ, ಅಂಗೈಯಗಲದ ಬ್ರೆಮೆನ್ ಇದೆ. ಪ್ರಷ್ಯ ಎಂಬ ರಾಜ್ಯ ಇಲ್ಲ.

ನಾನು ಕಲ್ಲಿನ ಮೇಲೆ ಕೂತುಬಿಟ್ಟೆ. ಮುದುಕರು ಕೋಲಿನಿಂದ ತಟ್ಟಿ ಎಬ್ಬಿಸಿದರು, ಗಡಿಕಲ್ಲಿನ ಮೇಲೆ ಕೂರಬಾರದಂತೆ.

ಏನೋ ಮಾತಾಡಬೇಕಲ್ಲ ಎಂದು ನಮ್ಮ ಕುರಿಯ ಸಂಗತಿ ಹೇಳತೊಡಗಿದೆ. ಬೇಸಿಗೆಯಲ್ಲಿ ನಾಲ್ಕು ಮನೆಯವರು ಹಿಂಡು ಕೂಡಿಸಿ ದೂರ ಮೇಯಿಸಲು ಹೋಗುತ್ತಾರೆ. ಕಾಯುವುದು ಒಟ್ಟಿಗೆ, ನೀರು ಒಟ್ಟಿಗೆ, ನಾಯಿಗಳೂ ಒಟ್ಟಿಗೆ. ಆದರೆ ಒಂದೊಂದು ಮನೆಯ ಕುರಿಗೆ ಒಂದೊಂದು ಕಿವಿಗುರುತು. ನಮ್ಮಪ್ಪ ಹಿಂಡು ಕೂಡಿಸುತ್ತಾನೆ, ಕಿವಿಗುರುತು ಮಾತ್ರ ಯಾವತ್ತೂ…

ಅಲ್ಲಿಗೆ ನಿಲ್ಲಿಸಿದೆ. ಮುಂದೆ ಏನು ಎಂದು ಉಟಾ ಕೇಳಿದರು. ಏನಿಲ್ಲ ಎಂದೆ.

ಒಂಬತ್ತನೆಯ ತರಗತಿ

ಐದನೆಯ ದಿನ ನನ್ನ ಪಾಠ. ಬೇರೆ ಪಾಠ ತಯಾರು ಮಾಡಿರಲಿಲ್ಲ. ಬಂದದ್ದೇ ಇದಕ್ಕಾಗಿ. ಚೀಟಿ ಹಂಚಿದೆ, ಬುಟ್ಟಿ ಇಟ್ಟೆ, ಎತ್ತರದ ಹುಡುಗನಿಗೆ ಪ್ರಷ್ಯ ಕೊಟ್ಟೆ. ಅವನು ಮುಖ ಹುಳ್ಳಗೆ ಮಾಡಿದ. ಉಳಿದವರು ನಕ್ಕರು. ಹನೋವರ್ ಹರಿಯಿತು, ಬವೇರಿಯ ಹರಿಯಿತು, ಫ್ರಾಂಕ್‌ಫರ್ಟ್ ಹರಿಯಿತು. ಮಕ್ಕಳು ನಯವಾಗಿಯೇ ಹರಿದರು. ಅತಿಥಿ ಹೇಳಿದ್ದಾನೆ ಎಂಬ ಮರ್ಯಾದೆಗೆ.

ಮೂರನೆಯ ಸಾಲಿನಲ್ಲಿ ಲೇನಾ ಎಂಬ ಹುಡುಗಿಗೆ ಮೈನಿಂಗೆನ್ ಬಂದಿತ್ತು. ಪ್ರಷ್ಯ ಎದುರು ಬಂದು ನಿಂತಿತು. ಲೇನಾ ಎದ್ದಳು, ಸಾಲಿನಲ್ಲಿ ಹೋಗಿ ನಿಂತಳು. ಚೀಟಿಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡಳು. ಹರಿದು ಬುಟ್ಟಿಗೆ ಹಾಕಬೇಕು ಎಂದೆ.

“ನಾನು ಬಂದಿದ್ದೇನಲ್ಲ,” ಎಂದಳು. “ಚೀಟಿ ಹರಿಯುವುದು ಯಾಕೆ?”

ಸಿಟ್ಟಿನಿಂದ ಕೇಳಿದ್ದಲ್ಲ. ಗಣಿತದಲ್ಲಿ ಒಂದು ಹಂತ ತಿಳಿಯದೆ ಹೋದಾಗ ಕೇಳುತ್ತಾರಲ್ಲ, ಹಾಗೆ. ತರಗತಿ ಎಲ್ಲ ನನ್ನ ಕಡೆ ನೋಡುತ್ತಿತ್ತು. ಬುಟ್ಟಿ ತುಂಬಿದ್ದು ಕಾಣಲಿ ಎಂದು ಹರಿಸುತ್ತಿದ್ದೆ, ಅಷ್ಟೇ. ಅದನ್ನು ಹೇಗೆ ಹೇಳುವುದು? ಕೂತುಕೋ ಎಂದೆ. ಅವಳು ನಿಂತೇ ಇದ್ದಳು. ಉಟಾ ಗಂಟೆಗೆ ಇನ್ನೂ ಐದು ನಿಮಿಷ ಇರುವಾಗಲೇ ಬಿಡುವು ಕೊಟ್ಟರು.

ಅಂಗಳಕ್ಕೆ ಬಂದು ಕಾಂಬಳೆ ಬಾಯಿಯವರಿಗೆ ಫೋನು ಹಚ್ಚಿದೆ. ನಮ್ಮಲ್ಲಿ ಆಗ ಮಧ್ಯಾಹ್ನದ ಒಂದು ಗಂಟೆ, ಬಿಸಿಯೂಟದ ಹೊತ್ತು. ತಾಟುಗಳ ಸದ್ದು ಕೇಳಿಸುತ್ತಿತ್ತು.

“ಬಾಯಿ, ಆ ಗ್ವಾಡಿ ಹಾಂಗೇ ಇರ್ಲಿರಿ. ಬಣ್ಣದಾಂವಗ ಬ್ಯಾಡಂತ ಹೇಳ್ರಿ.”

ಆ ಕಡೆ ಬಾಯಿ ಯಾವುದೋ ಮಗುವಿಗೆ ತಾಟು ಸರಿಯಾಗಿ ಹಿಡಿ ಎಂದರು.

“ಸೋಮವಾರನೇ ಹಚ್ಚಿ ಹೋದರ್ರಿ ಸರ್. ನೀವ ಬರೋದ್ರಾಗ ಮುಗೀಬೇಕಂತ ಹೇಳಿ ಹೋಗಿದ್ರೆಲ್ಲ.” ಆಮೇಲೆ, ನನ್ನನ್ನೇ ಸಮಾಧಾನ ಮಾಡುವ ದನಿಯಲ್ಲಿ, “ಛಲೋ ಕಾಣ್ತದ್ರಿ. ಬೆಳ್ಳಗ ಆಗ್ಯದ” ಅಂದರು. ಹುಡುಗರು ಕಾಯುತ್ತಿದ್ದಾರೆ, ಸಾರು ಬಡಿಸಬೇಕು ಎಂದು ಇಟ್ಟುಬಿಟ್ಟರು.

ಉಳಿದ ಏಳು ದಿನ ಕೋಟೆ ತೋರಿಸಿದರು, ಚರ್ಚು ತೋರಿಸಿದರು. ನೋಡಿದೆ. ನೆನಪಿನಲ್ಲಿ ಹೆಚ್ಚೇನೂ ಉಳಿದಿಲ್ಲ. ಹೊರಡುವ ದಿನ ಮುದುಕರು ಕೈ ಕುಲುಕಿ, ಮಿಕ್ಕ ರೊಟ್ಟಿ ತಾವೇ ಇಟ್ಟುಕೊಂಡರು. ಸೂಪಿನಲ್ಲಿ ಅದ್ದಿ ತಿನ್ನುವುದನ್ನು ಕಲಿತಿದ್ದರು.

ಮತ್ತೆ ಔರಾದ ತಾಲೂಕು

ಎರಡೂ ಕಟ್ಟಡ ಒಂದೇ ಬಣ್ಣದಲ್ಲಿ ನಿಂತಿದ್ದವು. ನಾನೇ ಬರೆದಿಟ್ಟ ಹಾಗೆ. ಬಾಯಿ ಗೋಡೆಯ ಮಾತು ಎತ್ತಲಿಲ್ಲ. ಹೇಗಾಯಿತು ಪ್ರಯಾಣ ಎಂದು ಕೇಳಿ ಚಹಾ ತರಿಸಿದರು. ಹೆಸರು ಅಳಿಸಿಲ್ರಿ ಬಾಯಿ, ಜರ್ಮನಿಯವರು ಬೇಕಾದಷ್ಟನ್ನು ಇಟ್ಟುಕೊಂಡಿದ್ದಾರೆ ಎಂದೆ. ಹೌದೇನ್ರಿ ಎಂದರು, ಅಷ್ಟೇ.

ಶನಿವಾರ ಮಕ್ಕಳು ಹೋದ ಮೇಲೆ ನೀಲಿ ಬಣ್ಣ, ಕುಂಚ ತಂದು ಗೋಡೆಯ ಮುಂದೆ ಸ್ಟೂಲು ಹಾಕಿದೆ. ನೀವು ಹೇಳಿರಿ, ನಾನು ಬರೆಯುತ್ತೇನೆ ಎಂದೆ. ಬಾಯಿ ಕಣ್ಣು ಮುಚ್ಚಿಕೊಂಡು ತಮ್ಮ ಓಣಿಯ ಮೊದಲ ಮನೆಯಿಂದ ಶುರು ಮಾಡಿದರು. ಒಂದೊಂದೇ ಬಾಗಿಲು ದಾಟುತ್ತ, ಬೇವಿನ ಗಿಡದ ಮನೆ, ಕಟ್ಟೆಯ ಮನೆ, ಒಂದೊಂದೇ ಹೆಸರು. ನಾನು ಮರಾಠಿ ಮಾತಾಡುತ್ತೇನೆ, ಓದುತ್ತೇನೆ, ಬರೆದು ರೂಢಿಯಿಲ್ಲ. ನನ್ನ ಅಕ್ಷರ ಒಂದನೆಯ ತರಗತಿಯ ಮಗುವಿನದರಂತೆ ಸೊಟ್ಟಗೆ ಇಳಿಯುತ್ತಿತ್ತು. ತಮ್ಮ ಹೆಸರು ಬಂದಾಗ ಬಾಯಿ ಕಣ್ಣು ತೆರೆದು, ಕುಂಚ ಇಸಿದುಕೊಂಡು ತಾವೇ ಬರೆದರು.

ಆಮೇಲೆ ಇಪ್ಪತ್ತಾರನೆಯ ಮನೆಗೆ ಬಂದು ನಿಂತುಬಿಟ್ಟರು. “ಈ ಮನಿ ಬಿದ್ದು ಭಾಳ ವರ್ಷ ಆಯ್ತರಿ. ಊರು ಬಿಟ್ಟು ಹೋದರು. ಹುಡುಗಿ ಹೆಸರಿತ್ತು. ನೆನಪಾಗವಲ್ದು.”

ಓಣಿಯ ಹಿರಿಯರನ್ನು ಕೇಳಿದೆವು. ಒಬ್ಬರು ಒಂದು ಹೆಸರು ಹೇಳಿದರೆ ಇನ್ನೊಬ್ಬರು ಅಲ್ಲ ಎಂದರು. ದಾಖಲಾತಿ ಪುಸ್ತಕದಲ್ಲಿ ನೂರಾರು ಹೆಸರುಗಳಿವೆ, ಯಾವುದು ಆ ಮನೆಯ ಹುಡುಗಿ ಎಂದು ಹೇಳುವವರಿಲ್ಲ. ಆಗ ಬಾಯಿಗೆ ಜನವರಿಯ ಫೋಟೋ ನೆನಪಾಯಿತು. ಮೊಬೈಲಿನಲ್ಲಿ ಹುಡುಕಿ ತೆಗೆದು ದೊಡ್ಡದು ಮಾಡಿದರು. ಗೋಡೆ ಸ್ಪಷ್ಟವಾಗಿ ಬಂದಿತ್ತು. ಬೆರಳಿನಿಂದ ಹೆಸರು ಎಣಿಸುತ್ತ ಇಪ್ಪತ್ತಾರಕ್ಕೆ ಬಂದೆವು.

ಆ ಹೆಸರಿನ ಮುಂದೆ ನಾನು ನಿಂತಿದ್ದೆ. ಪೇಟಾ ಸುತ್ತಿಕೊಂಡು, ಎದೆ ಉಬ್ಬಿಸಿ, ನಗುತ್ತ. ಪೇಟಾದ ಅಂಚಿನಲ್ಲಿ ಕೊನೆಯ ಅರ್ಧ ಅಕ್ಷರ ಮಾತ್ರ ಕಾಣುತ್ತಿತ್ತು.

ಬಾಯಿ ಮೊಬೈಲು ಆರಿಸಿ, ಮುಂದಿನ ಮನೆಯ ಹೆಸರು ಹೇಳಿದರು. ನಾನು ಒಂದು ಸಾಲು ಬಿಟ್ಟು ಬರೆದೆ.